ಫೋಟೋದ ಹಿಂಬದಿ ಓದುವ ಕೆಲಸ

ಲಾಸ್ ಏಂಜಲೀಸಿನಲ್ಲಿ ಹಳೆಯ ಹಾಲಿವುಡ್ ಸ್ಟಿಲ್ ಫೋಟೋಗಳನ್ನು ಕೊಂಡು ಮಾರುವ ಅಂಗಡಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಸಂಗ್ರಹ ಮಾಡುತ್ತಿದ್ದವರು ತೀರಿಕೊಂಡ ಮೇಲೆ ಮನೆಯವರು ಡಬ್ಬಗಟ್ಟಲೆ ಫೋಟೋ ತಂದು ಇಳಿಸುತ್ತಾರೆ. ಒಂದೊಂದು ಫೋಟೋ ಯಾವ ಸಿನಿಮಾದ್ದು, ಯಾರು ತೆಗೆದದ್ದು, ಯಾವ ಕಾಲದ ಪ್ರಿಂಟು ಅಂತ ಪಟ್ಟಿ ಮಾಡುವುದು ನನ್ನ ಪಾಲಿನ ಕೆಲಸ. ಮಾಲೀಕರು ಮೊದಲು ಹೇಳಿಕೊಟ್ಟದ್ದು ಒಂದೇ ಮಾತು: ಮುಖ ಆಮೇಲೆ ನೋಡು, ಮೊದಲು ತಿರುಗಿಸು.

ಸ್ಟಿಲ್ ಅಂದರೆ ಸಿನಿಮಾ ರೀಲಿನಿಂದ ತೆಗೆದ ಒಂದು ತುಣುಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪ್ರಚಾರದ ಫೋಟೋ ತೆಗೆಯಲೆಂದೇ ಸೆಟ್ಟಿನಲ್ಲಿ ಒಬ್ಬ ಫೋಟೋಗ್ರಾಫರ್ ಇರುತ್ತಿದ್ದರು. ಶಾಟ್ ಮುಗಿದ ಮೇಲೆ ನಟರು ಅವರಿಗಾಗಿ ಮತ್ತೆ ಹಾಗೇ ನಿಲ್ಲಬೇಕಿತ್ತು. ಎಷ್ಟೋ ಸಲ ಬಳಸುತ್ತಿದ್ದದ್ದು 8×10 ಇಂಚಿನ ನೆಗೆಟಿವ್ ಹಿಡಿಯುವ ದೊಡ್ಡ ಕ್ಯಾಮೆರಾ. ಆ ನೆಗೆಟಿವನ್ನು ನೇರವಾಗಿ ಕಾಗದದ ಮೇಲೇ ಇಟ್ಟು ಪ್ರಿಂಟ್ ತೆಗೆಯುತ್ತಿದ್ದರು. ಅದಕ್ಕೇ 1930ರ ದಶಕದ ಒಳ್ಳೆಯ ಪ್ರಿಂಟಿನಲ್ಲಿ ಕಣ್ಣೆವೆಯ ಕೂದಲು ಕೂಡ ಬಿಡಿಬಿಡಿಯಾಗಿ ಕಾಣುತ್ತದೆ. ನಟಿ ಗ್ರೇಟಾ ಗಾರ್ಬೋ ಮುಖವನ್ನು ಜಗತ್ತಿಗೆ ತೋರಿಸಿದ ಕ್ಲಾರೆನ್ಸ್ ಸಿಂಕ್ಲೇರ್ ಬುಲ್, ಅವರಂತೆಯೇ ಎಂಜಿಎಂ ಸ್ಟುಡಿಯೋದಲ್ಲಿದ್ದ ರುತ್ ಹ್ಯಾರಿಯಟ್ ಲೂಯಿಸ್, ಜಾರ್ಜ್ ಹರೆಲ್, ಇವರ ಹೆಸರು ಸಿಗುವುದು ಹೆಚ್ಚಾಗಿ ಹಿಂಬದಿಯ ಮೊಹರಿನಲ್ಲೇ.

ಮುಂಬದಿಯ ಅಂಚಿನಲ್ಲಿ ಸ್ಟುಡಿಯೋದ ಸಂಖ್ಯೆ ಇರುತ್ತದೆ. ‘ಎಸ್‌ಐಪಿ-108’ ಅಂತ ಕಂಡರೆ ಅದು ‘ಗಾನ್ ವಿತ್ ದಿ ವಿಂಡ್’. ಉಳಿದ ಕಥೆಯೆಲ್ಲ ಹಿಂದೆ. ಟೈಪ್ ಮಾಡಿ ಅಂಟಿಸಿದ ಪ್ರಚಾರದ ಚೀಟಿ, ಅದನ್ನು ನಾವು ‘ಸ್ನೈಪ್’ ಅನ್ನುತ್ತೇವೆ. ಪತ್ರಿಕೆಯ ತಾರೀಕಿನ ಮೊಹರು. ಆಗ ಸಿನಿಮಾದಂತೆ ಸ್ಟಿಲ್‌ಗಳಿಗೂ ಸೆನ್ಸಾರ್ ಇತ್ತು, ಅದರ ಒಪ್ಪಿಗೆಯ ಮೊಹರು. ಆಮೇಲೆ ಚಿತ್ರಮಂದಿರಗಳಿಗೆ ಪ್ರಚಾರ ಸಾಮಗ್ರಿ ಹಂಚುತ್ತಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಕಂಪನಿಯ ಎಚ್ಚರಿಕೆ: ಪ್ರದರ್ಶನ ಮುಗಿದ ಕೂಡಲೇ ವಾಪಸ್ ಕೊಡಬೇಕು. ಅವರ ಸಂಖ್ಯೆಯ ಮುಂದೆ ‘ಆರ್’ ಇದ್ದರೆ ಮರುಬಿಡುಗಡೆಯದ್ದು ಅಂತ ಅರ್ಥ. ‘ಆರ್54’ ಅಂದರೆ 1954ರ ಮರುಬಿಡುಗಡೆ. ಸಿನಿಮಾ ಎಷ್ಟೇ ಹಳೆಯದಾದರೂ ಕೈಯಲ್ಲಿರುವ ಪ್ರಿಂಟು 1954ರದ್ದೇ.

ಮೊಹರು ಏನೂ ಇಲ್ಲದಿದ್ದರೆ ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯೊಲೆಟ್ ದೀಪ ಹಿಡಿಯುತ್ತೇವೆ. 1950ರ ದಶಕದಿಂದೀಚೆಗೆ ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸತೊಡಗಿದರು. ಆ ಕಾಗದ ಈ ದೀಪದಡಿ ನೀಲಿಬಿಳಿಯಾಗಿ ಹೊಳೆಯುತ್ತದೆ. 1932ರದ್ದು ಅಂತ ಮಾರಲು ತಂದ ಫೋಟೋ ಹಾಗೆ ಹೊಳೆದರೆ ಅದು ಆಮೇಲೆ ತೆಗೆದ ಪ್ರಿಂಟು. ಆದರೆ ಹೊಳೆಯದಿದ್ದ ಮಾತ್ರಕ್ಕೆ ಹಳೆಯದೇ ಅಂತ ಹೇಳುವಂತಿಲ್ಲ, ಆ ರಾಸಾಯನಿಕ ಇಲ್ಲದ ಕಾಗದವೂ ಆಮೇಲೆ ಬಂದಿದೆ.

ನನಗೆ ಸಂಕಟವಾಗುವುದು ‘ಕ್ಲೀನ್’ ಫೋಟೋ ಬೇಕು ಅನ್ನುವವರನ್ನು ಕಂಡಾಗ. ಚೀಟಿ ಕಿತ್ತುಬಿಡಿ, ಎಷ್ಟು ಭಾಗ ಅಚ್ಚಾಗಬೇಕು ಅಂತ ಪತ್ರಿಕೆಯವರು ಎಳೆದ ಕೆಂಪು ಗೆರೆ ಒರೆಸಿಬಿಡಿ ಅಂತಾರೆ. ಚೀಟಿ ಕಿತ್ತರೆ ಕಾಗದದ ಪದರವೂ ಜೊತೆಗೆ ಬರುತ್ತದೆ, ತಾರೀಕು, ಹೆಸರು, ಊರು ಎಲ್ಲ ಹೋಗುತ್ತದೆ. ಸಂಪಾದಕರು ಗೆರೆ ಹಾಕಿ, ಬಿಳಿ ಬಣ್ಣ ಹಚ್ಚಿ ತಿದ್ದಿದ ಫೋಟೋ ನಿಜವಾಗಿ ಪತ್ರಿಕಾ ಕಚೇರಿಯಲ್ಲಿ ದುಡಿದ ಫೋಟೋ ಅಲ್ವಾ? ನನ್ನನ್ನು ಕೇಳಿದರೆ ಅದಕ್ಕೇ ಬೆಲೆ ಜಾಸ್ತಿ ಇರಬೇಕು.

ಎಷ್ಟೋ ಸಲ ಸಿನಿಮಾ ಹೋಗಿ ಸ್ಟಿಲ್ ಮಾತ್ರ ಉಳಿದಿದೆ. ಲಾನ್ ಚೇನಿ ನಟಿಸಿದ 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಚಿತ್ರದ, ಗೊತ್ತಿದ್ದ ಕೊನೆಯ ಪ್ರತಿ ಎಂಜಿಎಂ ಉಗ್ರಾಣದ ಬೆಂಕಿಯಲ್ಲಿ ಸುಟ್ಟುಹೋಯಿತು. 2002ರಲ್ಲಿ ಟರ್ನರ್ ಕ್ಲಾಸಿಕ್ ಮೂವೀಸ್ ವಾಹಿನಿ ಅದರ ಸ್ಟಿಲ್‌ಗಳನ್ನೇ ಜೋಡಿಸಿ ಕಥೆಯನ್ನು ಮತ್ತೆ ತೋರಿಸಿತು.

ಡಬ್ಬದಲ್ಲಿ ನಟ ಸಾಬು ಅವರ ಸ್ಟಿಲ್ ಸಿಕ್ಕಿದ ದಿನ ನನಗೆ ಹಬ್ಬ. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮಗ. ಹೊರಾಂಗಣ ಚಿತ್ರೀಕರಣ ಮೈಸೂರು ಸೀಮೆಯಲ್ಲೇ ನಡೆದ ‘ಎಲಿಫೆಂಟ್ ಬಾಯ್’ ಎಂಬ ಬ್ರಿಟಿಷ್ ಸಿನಿಮಾದಿಂದ 1937ರಲ್ಲಿ ಹೆಸರಾಗಿ, ಆಮೇಲೆ ಹಾಲಿವುಡ್ ಸೇರಿದರು. 1942ರಲ್ಲಿ ‘ಜಂಗಲ್ ಬುಕ್’, ‘ಅರೇಬಿಯನ್ ನೈಟ್ಸ್’ ಎರಡೂ ಬಂದವು. ಇವರ ಸ್ಟಿಲ್‌ಗಳಿಗೆ ನಮ್ಮ ಅಂಗಡಿಯಲ್ಲಿ ಗಾರ್ಬೋಗೆ ಸಿಗುವ ಬೆಲೆ ಸಿಗುವುದಿಲ್ಲ. ಹಾಗಂತ ಸುಮ್ನೆ ಒಂದು ಸಾಲು ಬರೆದು ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಸ್ನೈಪಿನಲ್ಲಿ ಪ್ರಚಾರದವರು ಬಣ್ಣ ಕಟ್ಟಿ ಬರೆದಿದ್ದರೂ ಅಕ್ಷರ ಬಿಡದೆ ನಕಲು ಮಾಡುತ್ತೇನೆ. ಕೆಳಗೆ ಹುಟ್ಟಿದ ಊರು ಕಾರಾಪುರ ಅಂತ ಬೇರೆಯಾಗಿ ಸೇರಿಸುತ್ತೇನೆ.

ನಿಮ್ಮ ಹತ್ತಿರ ಇಂಥ ಫೋಟೋ ಇದ್ದರೆ ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಇವತ್ತೇ ಹೊರಗೆ ತೆಗೆಯಿರಿ. ಅದು ಬರಬರುತ್ತಾ ಪ್ರಿಂಟನ್ನು ಹಾಳು ಮಾಡುತ್ತದೆ. ಪಾಲಿಯೆಸ್ಟರ್ ಕವರಿಗೆ ಹಾಕಿ, ತಂಪಾದ ಒಣಜಾಗದಲ್ಲಿಡಿ. ಹಿಂದೆ ಏನಾದರೂ ಬರೆಯಲೇಬೇಕಾದರೆ ಪೆನ್ನು ಬೇಡ, ಮೆತ್ತನೆಯ ಪೆನ್ಸಿಲಿನಲ್ಲಿ ಒತ್ತದೆ ಬರೆಯಿರಿ.