ಬೆತ್ ಅಕ್ಷರದೊಳಗಿನ ಚುಕ್ಕೆ

ಹೈಫಾದಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ನಮ್ಮ ಕರಾವಳಿಯವರಿಗೆಂದು ಕೆಲವರು ಸೇರಿ ನಡೆಸುವ ಹೀಬ್ರೂ ತರಗತಿಯಲ್ಲಿ, ಪಾಠದ ಹಾಳೆಗಳನ್ನು ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸ. ಮಂಗಳೂರು, ಉಡುಪಿ ಕಡೆಗಳಿಂದ ಇಸ್ರೇಲಿಗೆ ಬಂದು, ಹಿರಿಯರ ಮನೆಗಳಲ್ಲೇ ಉಳಿದು ಅವರನ್ನು ನೋಡಿಕೊಳ್ಳುವವರಲ್ಲಿ ಬಹಳ ಮಂದಿ ಮಾತಿನ ಹೀಬ್ರೂವನ್ನು ಕಿವಿಯಿಂದಲೇ ಕಲಿತುಬಿಡುತ್ತಾರೆ. ಓದು ಹಾಗೆ ಬರುವುದಿಲ್ಲ. ಪತ್ರಿಕೆ, ಫಲಕ, ಔಷಧದ ಚೀಟಿ ಎಲ್ಲದರಲ್ಲೂ ಹೀಬ್ರೂವನ್ನು ಸ್ವರಚಿಹ್ನೆಗಳಿಲ್ಲದೆ ಬರೆಯುತ್ತಾರೆ. ‘ನಿಕ್ಕುದ್’ ಎಂದು ಕರೆಯುವ ಆ ಚುಕ್ಕೆ, ಗೆರೆಗಳು ಕಾಣಸಿಗುವುದು ಮಕ್ಕಳ ಪುಸ್ತಕ, ಕವಿತೆ, ಪ್ರಾರ್ಥನಾ ಪುಸ್ತಕ ಮತ್ತು ಹೊಸದಾಗಿ ಕಲಿಯುವವರ ಪಾಠಗಳಲ್ಲಿ ಮಾತ್ರ. ಹೊಸಬರಿಗೆ ಅವೇ ಆಧಾರ. ಆದ್ದರಿಂದ ನಮ್ಮ ಹಾಳೆಗಳಲ್ಲಿ ಎಡಗಡೆ ಕನ್ನಡ ಅರ್ಥ ಹಾಗೂ ಉಚ್ಚಾರ, ಬಲಗಡೆ ನಿಕ್ಕುದ್ ಸಹಿತವಾದ ಹೀಬ್ರೂ ಇರುತ್ತದೆ.

ತರಗತಿ ನಡೆಯುವ ಕೊಠಡಿಯಲ್ಲಿ ಯಾರೋ ಕೊಟ್ಟುಹೋದ ಹಳೆಯ ಗಣಕವೊಂದಿದೆ. ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಇದೆ. ಹೊಸ ಪಾಠವನ್ನು ಮೊದಲ ಬಾರಿಗೆ ಅದರಲ್ಲೇ ಲಿಬ್ರೆ ಆಫೀಸ್ ರೈಟರ್ ಬಳಸಿ ಜೋಡಿಸಿ, ಪಿಡಿಎಫ್ ಮಾಡಿ, ಅಚ್ಚು ತೆಗೆದು ಹಂಚಿದೆ. ಬೆಳ್ತಂಗಡಿ ಕಡೆಯ ಅಕ್ಕ ಒಬ್ಬರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, “ಈ ಚುಕ್ಕೆ ಯಾವ ಅಕ್ಷರದ್ದು ಮಾರಾಯ್ರೇ?” ಎಂದು ಕೇಳಿದರು. ಅವರು ಬೆರಳಿಟ್ಟು ತೋರಿಸಿದ ಪದ ‘ಶಬ್ಬಾತ್’, ಅಂದರೆ ಶನಿವಾರದ ವಿಶ್ರಾಂತಿಯ ದಿನ.

ಆ ಪದದಲ್ಲಿರುವುದು ಶಿನ್, ಬೆತ್, ತಾವ್ ಎಂಬ ಮೂರೇ ಅಕ್ಷರ. ಶಿನ್ ಅಕ್ಷರದ ಬಲಗೊಂಬಿನ ಮೇಲೆ ಒಂದು ಚುಕ್ಕೆ ಇದ್ದರೆ ಅದು ‘ಶ’, ಎಡಗೊಂಬಿನ ಮೇಲಿದ್ದರೆ ‘ಸ’. ಅದರ ಕೆಳಗೆ ‘ಪಾತಾಖ್’ ಎಂಬ ಅಡ್ಡಗೆರೆ. ಬೆತ್ ಅಕ್ಷರದ ಹೊಟ್ಟೆಯೊಳಗೆ ‘ದಾಗೇಶ್’ ಎಂಬ ಚುಕ್ಕೆ. ಅದಿದ್ದರೆ ‘ಬ’, ಇಲ್ಲದಿದ್ದರೆ ‘ವ’. ಬೆತ್ ಕೆಳಗೆ ಸಾಮಾನ್ಯವಾಗಿ ‘ಆ’ ಸೂಚಿಸುವ ‘ಕಾಮತ್ಸ್’ ಎಂಬ ಸಣ್ಣ ಚಿಹ್ನೆ. ನಮ್ಮ ಹಾಳೆಯಲ್ಲಿ ದಾಗೇಶ್ ಹೊಟ್ಟೆಯಿಂದ ಹೊರಬಿದ್ದು ಬೆತ್ ಮತ್ತು ತಾವ್‌ಗಳ ನಡುವಿನ ಸಂದಿಯಲ್ಲಿ ನಿಂತಿತ್ತು. ಇನ್ನೊಂದು ಸಾಲಿನಲ್ಲಿ ಒಂದೇ ಪದದ ಅಕ್ಷರಗಳು ಎರಡು ಬೇರೆ ಬೇರೆ ದಪ್ಪದಲ್ಲಿದ್ದವು. ಆ ಅಕ್ಕನ ಪ್ರಶ್ನೆ ನ್ಯಾಯವಾದದ್ದೇ: ಔಷಧದ ಹೆಸರನ್ನೂ ಹೊತ್ತನ್ನೂ ಓದಲು ಕಲಿಯುತ್ತಿರುವವರ ಮುಂದೆ ಯಾವ ಅಕ್ಷರಕ್ಕೆ ಸೇರಿದ್ದೆಂದು ತಿಳಿಯದ ಚುಕ್ಕೆಯನ್ನು ಇಡುವುದಕ್ಕಿಂತ ಚುಕ್ಕೆಯೇ ಇಲ್ಲದ ಹಾಳೆ ಕೊಡುವುದು ಮೇಲು.

ತರಗತಿ ಮುಗಿದ ಮೇಲೆ ಗಣಕದ ಮುಂದೆ ಕುಳಿತೆ. ಇಂಥ ತೊಂದರೆ ಬಂದಾಗ ಒಂದರ ಮೇಲೊಂದು ಫಾಂಟ್ ಬದಲಿಸಿ ನೋಡುವ ಅಭ್ಯಾಸ ಬಹಳ ಜನರಿಗಿದೆ. ಅದರಿಂದ ಎಂದಾದರೊಮ್ಮೆ ಸರಿಹೋಗಬಹುದು, ಆದರೆ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಹಾಳೆಯಲ್ಲಿ ಮತ್ತೆ ಕೆಡುತ್ತದೆ. ಪರದೆಯ ಮೇಲೆ ಒಂದು ಪದ ಮೂಡುವುದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಕಡತದಲ್ಲಿರುವ ಯುನಿಕೋಡ್ ಸಂಕೇತಗಳು, ಅಂದರೆ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಗೊತ್ತುಮಾಡಿದ ಸಂಖ್ಯೆಗಳು, ಸರಿಯಾಗಿರಬೇಕು, ಅವುಗಳಿಗೆ ತಕ್ಕ ಫಾಂಟ್ ಆಯ್ಕೆಯಾಗಬೇಕು, ಆ ಫಾಂಟಿನೊಳಗಿನ ಸೂಚನೆಯಂತೆ ಚಿಹ್ನೆಗಳು ತಮ್ಮ ಜಾಗದಲ್ಲಿ ಕೂರಬೇಕು. ಲಿನಕ್ಸ್‌ನಲ್ಲಿ ಈ ಮೂರನ್ನೂ ಪ್ರತ್ಯೇಕವಾಗಿ ಪ್ರಶ್ನಿಸಲು ಸಲಕರಣೆಗಳಿವೆ, ಮತ್ತು ನಾನು ಈ ವ್ಯವಸ್ಥೆಯನ್ನು ಪ್ರೀತಿಸುವುದಕ್ಕೆ ಮುಖ್ಯ ಕಾರಣ ಅದೇ.

ಮೊದಲು ಪಠ್ಯವನ್ನೇ ನೋಡಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಾಲ್ಕು ಸಾಲಿನಲ್ಲಿ ‘ಶಬ್ಬಾತ್’ ಪದದ ಒಂದೊಂದು ಸಂಕೇತದ ಹೆಸರನ್ನೂ ಮುದ್ರಿಸಿದಾಗ, ಇರಬೇಕಾದ ಅಕ್ಷರ, ಚಿಹ್ನೆಗಳೆಲ್ಲ ಇದ್ದವು; ಕ್ರಮ ಮಾತ್ರ ಅನಿರೀಕ್ಷಿತವಾಗಿತ್ತು. ಕೈಯಲ್ಲಿ ಬರೆಯುವವರು ಬೆತ್, ಅದರೊಳಗೆ ದಾಗೇಶ್, ಆಮೇಲೆ ಕಾಮತ್ಸ್ ಎಂದು ಸಾಗುತ್ತಾರೆ. ಇಲ್ಲಿ ಬೆತ್, ಕಾಮತ್ಸ್, ದಾಗೇಶ್ ಎಂದಿತ್ತು. ಶಿನ್ ಚುಕ್ಕೆಯೂ ಪಾತಾಖ್ ಆದ ಮೇಲೆ ಬಂದಿತ್ತು. ಇದಕ್ಕೆ ಕಾರಣ ಯುನಿಕೋಡಿನಲ್ಲಿದೆ. ಸೇರುವ ಚಿಹ್ನೆಗಳಿಗೆಲ್ಲ ಯುನಿಕೋಡ್ ಒಂದೊಂದು ವರ್ಗಸಂಖ್ಯೆಯನ್ನು ಕೊಟ್ಟಿದೆ: ಪಾತಾಖ್‌ಗೆ 17, ಕಾಮತ್ಸ್‌ಗೆ 18, ದಾಗೇಶ್‌ಗೆ 21, ಶಿನ್ ಚುಕ್ಕೆಗೆ 24. ಪಠ್ಯವನ್ನು ಪ್ರಮಾಣೀಕರಿಸಿದಾಗ, ಅಂದರೆ ಒಂದೇ ಗೊತ್ತಾದ ರೂಪಕ್ಕೆ ತಂದಾಗ, ಚಿಹ್ನೆಗಳು ಈ ಸಂಖ್ಯೆಗಳ ಏರಿಕೆಯ ಕ್ರಮದಲ್ಲಿ ನಿಲ್ಲುತ್ತವೆ. ಹೀಬ್ರೂ ಬರವಣಿಗೆಯ ರೂಢಿಗೆ ಇದು ಒಗ್ಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದರೂ, ಒಮ್ಮೆ ನಿಗದಿಯಾದ ಸಂಖ್ಯೆಯನ್ನು ಬದಲಿಸುವುದಿಲ್ಲವೆಂಬ ಸ್ಥಿರತೆಯ ನಿಯಮದಿಂದಾಗಿ ಅದನ್ನು ತಿದ್ದುವಂತಿಲ್ಲ. ಆ ಹೊರೆಯನ್ನು ಹೊತ್ತುಕೊಂಡಿರುವುದು ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ತಂತ್ರಾಂಶ. ಅದು ಹೀಬ್ರೂ ಚಿಹ್ನೆಗಳನ್ನು ಫಾಂಟಿಗೆ ಒಪ್ಪಿಸುವ ಮೊದಲು ತಾನೇ ಶಿನ್ ಚುಕ್ಕೆ, ದಾಗೇಶ್, ಸ್ವರ ಎಂಬ ಕ್ರಮಕ್ಕೆ ತಂದುಕೊಳ್ಳುತ್ತದೆ. ಫೈರ್‌ಫಾಕ್ಸ್ ಜಾಲವೀಕ್ಷಕದಲ್ಲಿಯೂ 2017ರಲ್ಲಿ ಬಂದ 5.3ನೇ ಆವೃತ್ತಿಯಿಂದೀಚೆಗಿನ ಲಿಬ್ರೆ ಆಫೀಸ್‌ನಲ್ಲಿಯೂ ಅದೇ ಕೆಲಸ ಮಾಡುತ್ತದೆ. ಇದೇ ಪಠ್ಯ ಫೈರ್‌ಫಾಕ್ಸ್‌ನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದುದರಿಂದ ಪಠ್ಯವೂ ಜೋಡಣೆಯೂ ನಿರ್ದೋಷಿಗಳೆಂದು ತಿಳಿದು ಫಾಂಟ್ ಆಯ್ಕೆಯ ಕಡೆಗೆ ಹೊರಳಿದೆ.

ಪಿಡಿಎಫ್ ಒಳಗೆ ಯಾವ ಯಾವ ಫಾಂಟುಗಳು ಸೇರಿವೆಯೆಂದು ಹೇಳುವ ‘ಪಿಡಿಎಫ್‌ಫಾಂಟ್ಸ್’ ಆದೇಶವನ್ನು ಕೊಟ್ಟಾಗ ವಿಷಯ ಬಯಲಾಯಿತು. ನಾನು ಹೀಬ್ರೂಗೆಂದು ಆರಿಸಿದ್ದ ಫಾಂಟ್ ಒಂದೂ ಇರಲಿಲ್ಲ. ಕನ್ನಡದ ಫಾಂಟಿನ ಜೊತೆಗೆ ನಾನು ಆರಿಸದ ಎರಡು ಫಾಂಟುಗಳು ಒಳಸೇರಿದ್ದವು. ಲಿಬ್ರೆ ಆಫೀಸ್ ಪ್ರತಿಯೊಂದು ಪಠ್ಯಕ್ಕೂ ಮೂರು ಫಾಂಟುಗಳ ಲೆಕ್ಕವಿಡುತ್ತದೆ: ಪಾಶ್ಚಾತ್ಯ ಲಿಪಿಗಳಿಗೆ ಒಂದು, ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಒಂದು, ಸಂಕೀರ್ಣ ಜೋಡಣೆಯ ಲಿಪಿಗಳಿಗೆಲ್ಲ ಸೇರಿ ಒಂದು. ಕನ್ನಡವೂ ಹೀಬ್ರೂವೂ ಬರುವುದು ಈ ಮೂರನೆಯ ಗುಂಪಿನಲ್ಲಿಯೇ. ಹಾಗಾಗಿ ಒಂದೇ ಶೈಲಿಯಲ್ಲಿ ಎರಡನ್ನೂ ಬರೆದರೆ ಎರಡಕ್ಕೂ ಸಿಗುವುದು ಒಂದೇ ಫಾಂಟ್, ಮತ್ತು ಕನ್ನಡದ ಫಾಂಟಿನಲ್ಲಿ ಹೀಬ್ರೂ ಅಕ್ಷರ ಇರುವುದಿಲ್ಲ. ಇಂಗ್ಲಿಷಿನೊಡನೆ ಹೀಬ್ರೂ ಬರೆಯುವವರಿಗೆ ಈ ತೊಡಕು ಎಂದೂ ಎದುರಾಗುವುದಿಲ್ಲ. ಎರಡು ಸಂಕೀರ್ಣ ಲಿಪಿಗಳನ್ನು ಅಕ್ಕಪಕ್ಕ ಇಡುವ ನಮ್ಮಂಥವರಿಗಷ್ಟೇ ಎದುರಾಗುವುದರಿಂದ ಇದರ ಬಗ್ಗೆ ಬರೆದಿಡಬೇಕೆನಿಸಿತು.

ಇಲ್ಲದ ಅಕ್ಷರಕ್ಕೆ ಬದಲಿ ಫಾಂಟ್ ಹುಡುಕಿಕೊಡುವುದು ಫಾಂಟ್‌ಕಾನ್ಫಿಗ್. ಅದನ್ನು ‘ಎಫ್‌ಸಿ-ಮ್ಯಾಚ್’ ಮೂಲಕ ಹೀಬ್ರೂಗೆ ಯಾವ ಫಾಂಟ್ ಕೊಡುವೆಯೆಂದು ಕೇಳಿದಾಗ, ಗಣಕವನ್ನು ಹಿಂದೆ ಬಳಸುತ್ತಿದ್ದವರು ಸ್ಥಾಪಿಸಿದ್ದ ಹಳೆಯ ಫಾಂಟೊಂದರ ಹೆಸರು ಬಂತು. ಒಂದು ಫಾಂಟ್ ಹೀಬ್ರೂವನ್ನು ಬೆಂಬಲಿಸುತ್ತದೆಂದು ಫಾಂಟ್‌ಕಾನ್ಫಿಗ್ ಒಪ್ಪಲು ಪದದ ಕೊನೆಯಲ್ಲಿ ಬರುವ ಅಂತ್ಯರೂಪಗಳೂ ಸೇರಿದ 27 ಅಕ್ಷರಗಳಿದ್ದರೆ ಸಾಕು; ನಿಕ್ಕುದ್ ಚಿಹ್ನೆಗಳು ಆ ಲೆಕ್ಕದಲ್ಲಿಲ್ಲ. ದಿನನಿತ್ಯದ ಹೀಬ್ರೂ ಚಿಹ್ನೆಯಿಲ್ಲದೆ ನಡೆಯುವುದರಿಂದ ಅದು ತಪ್ಪಲ್ಲ, ಆದರೆ ಕಲಿಯುವವರ ಪಾಠಕ್ಕೆ ಅದು ಸಾಲದು. ಆ ಹಳೆಯ ಫಾಂಟಿನಲ್ಲಿ ಅಕ್ಷರಗಳೆಲ್ಲ ಇದ್ದವು, ಚಿಹ್ನೆಗಳಲ್ಲಿ ಕೆಲವಷ್ಟೇ ಇದ್ದವು. ಚಿಹ್ನೆ ಸಿಗದ ಕಡೆ ಅಕ್ಷರಸಮೇತ ಇನ್ನೊಂದು ಫಾಂಟಿಗೆ ಹೋಗಿದ್ದರಿಂದ ದಪ್ಪದಲ್ಲಿ ವ್ಯತ್ಯಾಸ ಬಂದಿತ್ತು.

ಹೊರಬಿದ್ದ ದಾಗೇಶ್‌ನ ಕಾರಣವನ್ನು ‘ಎಚ್‌ಬಿ-ವ್ಯೂ’ ತೋರಿಸಿಕೊಟ್ಟಿತು. ಹಾರ್ಫ್‌ಬಜ್ ಜೊತೆಗೇ ಬರುವ ಈ ಸಲಕರಣೆಗೆ ಒಂದು ಫಾಂಟ್ ಕಡತವನ್ನೂ ಒಂದು ಪದವನ್ನೂ ಕೊಟ್ಟರೆ, ನಡುವೆ ಬೇರೆ ಯಾವುದೂ ಕೈಹಾಕದಂತೆ ಆ ಪದದ ಚಿತ್ರವನ್ನು ಕೊಡುತ್ತದೆ. ಹಳೆಯ ಫಾಂಟಿನಲ್ಲಿ ‘ಶಬ್ಬಾತ್’ ಹಾಳೆಯಲ್ಲಿದ್ದಂತೆಯೇ ಕೆಟ್ಟು ಬಂತು. ಮುಕ್ತ ಪರವಾನಗಿಯ ಕುಲ್ಮುಸ್ ಫಾಂಟ್ ಸಂಗ್ರಹವನ್ನು ಸ್ಥಾಪಿಸಿ, ಅದರ ಫ್ರಾಂಕ್ ರೂಹ್ಲ್ ಸಿಎಲ್‌ಎಂ ಫಾಂಟನ್ನು ಕೊಟ್ಟಾಗ ಚುಕ್ಕೆ ಬೆತ್ ಹೊಟ್ಟೆಯೊಳಗೆ, ಕಾಮತ್ಸ್ ಅದರ ಅಡಿಯಲ್ಲಿ ಕುಳಿತವು. ರೇಶ್, ದಾಲೆತ್‌ಗಳಂಥ ಒಂಟಿಕಾಲಿನ ಅಕ್ಷರಗಳ ಕೆಳಗಿನ ಸ್ವರವು ಅಕ್ಷರದ ಮಧ್ಯಕ್ಕೆ ಬಾರದೆ ಬಲಗಡೆಯ ಕಾಲಿನ ಕೆಳಗೆ ಬರಬೇಕು. ಅದೂ ಹಾಗೆಯೇ ಬಂತು. ಒಳ್ಳೆಯ ಹೀಬ್ರೂ ಫಾಂಟಿನಲ್ಲಿ ಪ್ರತಿ ಅಕ್ಷರಕ್ಕೂ ಯಾವ ಚಿಹ್ನೆ ಎಲ್ಲಿ ಅಂಟಬೇಕೆಂಬ ನೆಲೆಬಿಂದುಗಳನ್ನು ಗುರುತಿಸಿಟ್ಟಿರುತ್ತಾರೆ. ಹಳೆಯ ಫಾಂಟಿನಲ್ಲಿ ಆ ಕೋಷ್ಟಕವೇ ಇರಲಿಲ್ಲ. ಅದಿಲ್ಲದಿದ್ದಾಗ ಹಾರ್ಫ್‌ಬಜ್ ಕೆಲವು ಚಿಹ್ನೆಗಳನ್ನು ಅಂದಾಜಿನಿಂದ ಕೂರಿಸುತ್ತದೆ, ದಾಗೇಶ್ ಅನ್ನು ಮಾತ್ರ ಹಾಗೆ ಕೂರಿಸಲಾಗುವುದಿಲ್ಲ.

ಈ ಕುಸುರಿಗೆ ಹಳೆಯ ಇತಿಹಾಸವಿದೆ. ಹೈಫಾದಿಂದ ಪೂರ್ವಕ್ಕೆ, ಗಲಿಲಾಯ ಸರೋವರದ ದಡದಲ್ಲಿರುವ ತಿಬೇರಿಯದ ವಿದ್ವಾಂಸರು, ಪವಿತ್ರ ಪಠ್ಯದ ಒಂದು ಅಕ್ಷರವನ್ನೂ ಕದಲಿಸದೆ ಅದರ ಓದನ್ನು ಉಳಿಸಬೇಕೆಂದು ಚಿಹ್ನೆಗಳನ್ನು ಅಕ್ಷರಗಳ ಮೇಲೆ, ಕೆಳಗೆ, ಒಳಗೆ ಇರಿಸಿದರು. ಅಂಥ ಚಿಹ್ನೆಗಳಿರುವ ಹೀಬ್ರೂ ಬೈಬಲ್‌ನ ಪ್ರತಿಯಾದ, ಸುಮಾರು 930ರ ಅಲೆಪ್ಪೊ ಹಸ್ತಪ್ರತಿಯ ಉಳಿದ ಹಾಳೆಗಳು ಈಗ ಜೆರುಸಲೇಮಿನಲ್ಲಿವೆ. ಅಲ್ಲಿ ಲೇಖನಿಯಿಂದ ಮಾಡಿದ್ದನ್ನು ಫಾಂಟ್ ರೂಪಿಸುವವರು ಇಂದು ಅಂಕಿಗಳಲ್ಲಿ ಮಾಡುತ್ತಿದ್ದಾರೆ, ಹಲವರು ಸಂಬಳವಿಲ್ಲದೆ. ಅವರ ಮೇಲೆ ನನಗೆ ಅಪಾರ ಗೌರವವಿದೆ.

ಪರಿಹಾರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಫಾಂಟನ್ನು ತೆಗೆದು, ಫಾಂಟ್‌ಕಾನ್ಫಿಗ್ ಕಡತದಲ್ಲಿ ಹೀಬ್ರೂಗೆ ಮೊದಲ ಆಯ್ಕೆ ಯಾವುದೆಂದು ಬರೆದು, ಫಾಂಟುಗಳ ಪಟ್ಟಿಯನ್ನು ಹೊಸದಾಗಿಸುವ ‘ಎಫ್‌ಸಿ-ಕ್ಯಾಶ್’ ಓಡಿಸಿದೆ. ರೈಟರ್‌ನಲ್ಲಿ ಹೀಬ್ರೂಗೆಂದೇ ಒಂದು ಅಕ್ಷರಶೈಲಿಯನ್ನು ರೂಪಿಸಿ, ಸಂಕೀರ್ಣ ಲಿಪಿಯ ಫಾಂಟೂ ಭಾಷೆಯೂ ಆ ಶೈಲಿಯಲ್ಲಿ ಮಾತ್ರ ಹೀಬ್ರೂವಿನದಾಗುವಂತೆ ಮಾಡಿದೆ. ಉಳಿದೆಡೆ ಕನ್ನಡದ ಫಾಂಟ್ ಹಾಗೆಯೇ ಉಳಿಯಿತು. ಹೊಸ ಪಿಡಿಎಫ್‌ನಲ್ಲಿ ಎರಡೇ ಫಾಂಟುಗಳಿದ್ದವು. ಹಾಳೆಯಲ್ಲಿನ ಕೋಷ್ಟಕದ ಸಾಲುಗಳಿಗೆ ನಿಗದಿತ ಎತ್ತರವಿದ್ದುದರಿಂದ ಹೀಬ್ರೂವಿನ ಕೆಳಗಿನ ಚಿಹ್ನೆಗಳೂ ಕನ್ನಡದ ಒತ್ತಕ್ಷರಗಳೂ ಕತ್ತರಿಸಿಹೋಗುತ್ತಿದ್ದವು, ಅದನ್ನು ಸಡಿಲಿಸಿದೆ. ಹೀಬ್ರೂವಿನ ಗಾತ್ರವನ್ನು 18ಕ್ಕೆ ಏರಿಸಿದೆ, ಏಕೆಂದರೆ ಸಣ್ಣ ಅಚ್ಚಿನಲ್ಲಿ ‘ಎ’ ಸೂಚಿಸುವ ಸೆಗೋಲ್‌ನ ಮೂರು ಚುಕ್ಕೆಗಳಿಗೂ ‘ಉ’ ಸೂಚಿಸುವ ಕುಬುತ್ಸ್‌ನ ಮೂರು ಚುಕ್ಕೆಗಳಿಗೂ ವ್ಯತ್ಯಾಸ ತಿಳಿಯದಂತೆ ಶಾಯಿ ಕೂಡಿಕೊಳ್ಳುತ್ತದೆ.

ಒಂದು ಪ್ರಶ್ನೆ ಉಳಿದಿತ್ತು. ಮಧ್ಯಾಹ್ನ ಎಂಬುದಕ್ಕಿರುವ ‘ತ್ಸೊಹೊರಾಯಿಮ್’ ಪದದ ಮೊದಲ ಸ್ವರವನ್ನು ಕಾಮತ್ಸ್‌ನಿಂದಲೇ ಬರೆದರೂ ಓದುವುದು ‘ಒ’ ಎಂದು. ಇಂಥ ಕಾಮತ್ಸ್‌ಗೆ 2005ರಲ್ಲಿ ಯುನಿಕೋಡ್ ಪ್ರತ್ಯೇಕ ಸಂಕೇತವನ್ನು ಕೊಟ್ಟಿತು. ಅದರ ಆಕಾರ ಸ್ವಲ್ಪ ಉದ್ದ. ಆ ಸಂಕೇತವಿರುವ ಫಾಂಟುಗಳನ್ನು ‘ಎಫ್‌ಸಿ-ಲಿಸ್ಟ್’ ಮೂಲಕ ಕೇಳಿದಾಗ ಪಟ್ಟಿ ಬಹಳ ಚಿಕ್ಕದಾಯಿತು. ನಮ್ಮವರು ಮುಂದೆ ಕೈಗೆತ್ತಿಕೊಳ್ಳುವ ಮಕ್ಕಳ ಪುಸ್ತಕಗಳಲ್ಲಿ ಸಾಮಾನ್ಯ ಕಾಮತ್ಸ್ ಅನ್ನೇ ಹೆಚ್ಚಾಗಿ ಕಾಣುವುದರಿಂದ ಅದನ್ನೇ ಇರಿಸಿಕೊಂಡು, ಪಕ್ಕದ ಕನ್ನಡದಲ್ಲಿ ‘ಒ’ಕಾರವನ್ನು ದಪ್ಪಕ್ಷರದಲ್ಲಿ ಬರೆದೆ.