ರಾಬರಿ ಅಂದರೆ ದೊಡ್ಡ ಕಳ್ಳತನ ಅಲ್ಲ

ಬೀಗ ಹಾಕಿಕೊಂಡು ಊರಿಗೆ ಹೋಗಿದ್ದವರು ವಾಪಸ್ ಬಂದಾಗ ಬೀರು ಬರಿದಾಗಿದ್ದರೆ ಬಾಯಿಗೆ ಬರುವ ಮೊದಲ ಮಾತು "ನಮ್ಮನೇಲಿ ರಾಬರಿ ಆಯ್ತು". ಕಾನೂನಿನ ಇಂಗ್ಲಿಷಿನಲ್ಲಿ ಅದು ರಾಬರಿ ಅಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ಯಾರನ್ನೂ ಹೆದರಿಸಲಿಲ್ಲ, ಯಾರ ಮೈಮೇಲೂ ಕೈ ಹಾಕಲಿಲ್ಲ. ಅದು ಬರ್ಗ್ಲರಿ. ಪೊಲೀಸರ ಕನ್ನಡದಲ್ಲಿ ಕನ್ನ ಕಳವು.

ಚಿಕ್ಕದು ಹೋದರೆ ಥೆಫ್ಟ್, ದೊಡ್ಡದು ಹೋದರೆ ರಾಬರಿ ಎಂಬ ಭಾವನೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಮೊತ್ತಕ್ಕೂ ಈ ಪದಗಳಿಗೂ ಸಂಬಂಧವೇ ಇಲ್ಲ. ಚಾಕು ತೋರಿಸಿ 50 ರೂಪಾಯಿ ಕಿತ್ತುಕೊಂಡರೂ ರಾಬರಿ. ರಾತ್ರಿ ಗೋಡೆ ಕೊರೆದು ಬ್ಯಾಂಕಿನ ಲಾಕರಿನಿಂದ ಕೋಟಿ ಒಯ್ದರೂ, ಎದುರಿಗೆ ಯಾರೂ ಸಿಗದಿದ್ದರೆ, ರಾಬರಿ ಅಲ್ಲ. ಪತ್ರಿಕೆಗಳು ಎರಡನ್ನೂ "ಬ್ಯಾಂಕ್ ದರೋಡೆ" ಎಂದೇ ಬರೆಯುತ್ತವೆ, ಗೊಂದಲ ಅಲ್ಲಿಂದಲೇ ಬೆಳೆಯುತ್ತದೆ.

ಬುಡದಲ್ಲಿರುವುದು ಥೆಫ್ಟ್. ಹಳೆಯ ಐಪಿಸಿಯ 378ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303. ವಸ್ತು ಚರ ಸೊತ್ತಾಗಿರಬೇಕು, ಇನ್ನೊಬ್ಬರ ಸ್ವಾಧೀನದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ಅಪ್ರಾಮಾಣಿಕ ಉದ್ದೇಶದಿಂದ ಅದನ್ನು ಕದಲಿಸಿರಬೇಕು. ನೆಲಕ್ಕೆ ಅಂಟಿ ನಿಂತ ಮರ ಥೆಫ್ಟಿಗೆ ಒಳಪಡುವುದಿಲ್ಲ, ಕದಿಯಲೆಂದು ಕಡಿದು ಬೇರ್ಪಡಿಸಿದ ಕ್ಷಣ ಒಳಪಡುತ್ತದೆ. ಸ್ವಾಧೀನ ಎಂಬ ಮಾತಿಗೂ ತೂಕವಿದೆ. ಯಾರ ಸ್ವಾಧೀನದಲ್ಲೂ ಇಲ್ಲದೆ ರಸ್ತೆಯಲ್ಲಿ ಬಿದ್ದಿದ್ದ ಉಂಗುರವನ್ನು ಎತ್ತಿಕೊಂಡು ತನ್ನದಾಗಿಸಿಕೊಂಡವನು ಮಾಡುವುದು ಥೆಫ್ಟ್ ಅಲ್ಲ, ಮಿಸ್‌ಅಪ್ರೋಪ್ರಿಯೇಷನ್. ನೀವೇ ನಂಬಿ ಇಟ್ಟುಕೊಳ್ಳಲು ಕೊಟ್ಟ ಒಡವೆಯನ್ನು ಒಬ್ಬ ಮಾರಿ ತಿಂದರೆ ಬ್ರೀಚ್ ಆಫ್ ಟ್ರಸ್ಟ್. ಸುಳ್ಳು ಹೇಳಿ ನಿಮ್ಮ ಕೈಯಿಂದಲೇ ಕೊಡಿಸಿಕೊಂಡರೆ ಚೀಟಿಂಗ್.

ಥೆಫ್ಟಿನ ಜೊತೆ ಹಲ್ಲೆಯೋ, ತಕ್ಷಣವೇ ಹಲ್ಲೆಯಾದೀತೆಂಬ ಭಯವೋ ಸೇರಿದರೆ ರಾಬರಿ, ಅಂದರೆ ಸುಲಿಗೆ. ಆ ಬಲಪ್ರಯೋಗ ಕದಿಯಲೆಂದೋ ಕದ್ದದ್ದನ್ನು ಒಯ್ಯಲೆಂದೋ ನಡೆದಿರಬೇಕು. ಕಳ್ಳ ಸಿಕ್ಕಿಬಿದ್ದು, ಮಾಲು ಅಲ್ಲೇ ಬಿಸಾಕಿ, ತಪ್ಪಿಸಿಕೊಳ್ಳಲೆಂದಷ್ಟೇ ಹೊಡೆದರೆ ಅದು ಥೆಫ್ಟ್ ಮತ್ತು ಹಲ್ಲೆ, ರಾಬರಿ ಅಲ್ಲ. "ದುಡ್ಡು ತಲುಪಿಸು, ಇಲ್ಲದಿದ್ದರೆ ಮಗನನ್ನು ನೋಡಿಕೊಳ್ತೀವಿ" ಎಂದು ಫೋನಿನಲ್ಲಿ ಬೆದರಿಸಿ ತರಿಸಿಕೊಂಡರೆ ಎಕ್ಸ್‌ಟಾರ್ಷನ್. ಅದೇ ಮನುಷ್ಯ ಎದುರಿಗೆ ನಿಂತು, ಕೊಡದಿದ್ದರೆ ಈಗಲೇ ಹೊಡೆಯುತ್ತೇನೆಂದು ಆ ಜಾಗದಲ್ಲೇ ಕೈಯಿಂದ ಕೊಡಿಸಿಕೊಂಡರೆ ಮತ್ತೆ ರಾಬರಿ.

ಸರಗಳ್ಳತನ ಬಹುಕಾಲ ಥೆಫ್ಟ್ ಮತ್ತು ರಾಬರಿಗಳ ನಡುವೆ ತೂಗಾಡುತ್ತಿತ್ತು. ಹೊಸ ಸಂಹಿತೆ 304ನೇ ಕಲಂನಲ್ಲಿ ಸ್ನ್ಯಾಚಿಂಗ್ ಎಂದು ಅದಕ್ಕೆ ಬೇರೆಯೇ ಜಾಗ ಕೊಟ್ಟಿದೆ. ಇದು ಒಳ್ಳೆಯ ಕೆಲಸ. ಇನ್ನು ಡಕಾಯಿತಿ ಬರೀ ತಲೆ ಎಣಿಕೆಯ ವಿಷಯ: ಐವರು ಅಥವಾ ಹೆಚ್ಚು ಮಂದಿ ಸೇರಿ ರಾಬರಿ ಮಾಡಿದರೆ ಡಕಾಯಿತಿ, ನಾಲ್ವರಿದ್ದರೆ ರಾಬರಿಯೇ.

ಬರ್ಗ್ಲರಿ ಸ್ವಲ್ಪ ತೊಡಕಿನ ಪದ. ನಮ್ಮ ಸಂಹಿತೆ ಇದರ ವ್ಯಾಖ್ಯೆ ಕೊಡುವುದಿಲ್ಲ, ಹೌಸ್ ಬ್ರೇಕಿಂಗ್ ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಹಿಂದೆ ರಾತ್ರಿ ಹೊತ್ತು ವಾಸದ ಮನೆ ಒಡೆದು ನುಗ್ಗಿದರೆ ಮಾತ್ರ ಬರ್ಗ್ಲರಿ. ಈಗಿನ 1968ರ ಥೆಫ್ಟ್ ಆಕ್ಟ್ ಪ್ರಕಾರ ಕದಿಯುವ ಉದ್ದೇಶದಿಂದ ಕಟ್ಟಡದೊಳಗೆ ಅಕ್ರಮವಾಗಿ ಕಾಲಿಟ್ಟರೆ ಸಾಕು, ಹಗಲಾದರೂ ಸರಿ, ಏನೂ ಸಿಗದೆ ಬರಿಗೈಯಲ್ಲಿ ಹೋದರೂ ಸರಿ. ನಮ್ಮ ಹೌಸ್ ಬ್ರೇಕಿಂಗಿಗೆ ಹೆಸರಿನಲ್ಲಿರುವಂತೆ ಒಡೆಯಲೇಬೇಕೆಂದಿಲ್ಲ. ನೀವು ಕಳೆದುಕೊಂಡ ಕೀ ಸಿಕ್ಕವನು ಅದರಿಂದಲೇ ಬಾಗಿಲು ತೆರೆದು ಕದಿಯಲು ಒಳಹೊಕ್ಕರೂ ಹೌಸ್ ಬ್ರೇಕಿಂಗೇ.

ಈ ಕೂದಲೆಳೆಯ ವ್ಯತ್ಯಾಸಕ್ಕೆ ದುಡ್ಡಿನ ಬೆಲೆ ಬರುವುದು ಇನ್ಶುರೆನ್ಸಿನಲ್ಲಿ. ಹಲವು ಬರ್ಗ್ಲರಿ ಪಾಲಿಸಿಗಳಲ್ಲಿ ಕಳ್ಳ ಬಲವಂತವಾಗಿ ಒಳನುಗ್ಗಿರಬೇಕು ಎಂಬ ಷರತ್ತಿರುತ್ತದೆ. 2004ರಲ್ಲಿ ಗೋದಾಮಿನ ಕಳವಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಾಲಿಸಿಯ ಈ ಮಾತನ್ನೇ ಹಿಡಿದು, ಬಲಪ್ರಯೋಗ ಇಲ್ಲದ ಕಳವಿಗೆ ಪರಿಹಾರವಿಲ್ಲ ಎಂದಿತು. ಹಾಗಾಗಿ ಸಿಕ್ಕ ಕೀಯಿಂದ ಬಾಗಿಲು ತೆಗೆದದ್ದು ಸಂಹಿತೆಗೆ ಹೌಸ್ ಬ್ರೇಕಿಂಗ್ ಆದರೂ, ಇನ್ಶುರೆನ್ಸ್ ಕಂಪನಿಗೆ ಬರ್ಗ್ಲರಿ ಆಗದೆ ಹೋಗಬಹುದು.

ವ್ಯಾಕರಣದಲ್ಲೂ ಇದೇ ಭೇದ ನಡೆಯುತ್ತದೆ. ಸ್ಟೀಲ್ ಎಂಬ ಕ್ರಿಯಾಪದದ ಕರ್ಮ ವಸ್ತು, ರಾಬ್‌ಗೆ ವ್ಯಕ್ತಿ ಅಥವಾ ಬ್ಯಾಂಕಿನಂಥ ಸ್ಥಳ, ಬರ್ಗಲ್‌ಗೆ ಕಟ್ಟಡ. "ಮೈ ಫೋನ್ ವಾಸ್ ಸ್ಟೋಲನ್" ಸರಿ, "ಐ ವಾಸ್ ರಾಬ್ಡ್" ಸರಿ, "ಮೈ ಫೋನ್ ವಾಸ್ ರಾಬ್ಡ್" ತಪ್ಪು. ಹೋದ ವಸ್ತುವನ್ನು ಹೇಳಬೇಕಿದ್ದರೆ "ದೇ ರಾಬ್ಡ್ ಮಿ ಆಫ್ ಮೈ ಫೋನ್". ನಾವು ಎಡವುವುದಕ್ಕೆ ಕಾರಣ ಕನ್ನಡದ ದೋಚು: ಮನೆಯನ್ನೂ ದೋಚಬಹುದು, ಹಣವನ್ನೂ ದೋಚಬಹುದು. ರಾಬ್‌ಗೆ ಹತ್ತಿರದ್ದು ಸುಲಿ, ಅದು ಮನುಷ್ಯನನ್ನೇ ಹಿಡಿಯುತ್ತದೆ.

ಠಾಣೆಗೆ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ಈ ಪದಗಳಲ್ಲಿ ಯಾವುದರ ಬಗ್ಗೆಯೂ ಖಾತ್ರಿ ಇಲ್ಲದಿದ್ದರೆ ಅಪರಾಧದ ಹೆಸರನ್ನೇ ಬಿಟ್ಟುಬಿಡಿ. ಕಂಡದ್ದನ್ನು ಬರೆಯಿರಿ: ಯಾವ ಬಾಗಿಲಿನ ಚಿಲಕ ಮುರಿದಿತ್ತು, ಬೀಗ ಎಲ್ಲಿ ಬಿದ್ದಿತ್ತು, ಒಳಗೆ ಯಾರಿದ್ದರು, ಎಷ್ಟು ಜನ ಬಂದರು, ಏನೆಂದು ಬೆದರಿಸಿದರು. ಕಲಂ ಹಾಕುವುದು ಪೊಲೀಸರ ಕೆಲಸ. ಆದರೆ ಮುರಿದ ಚಿಲಕದ ಮಾತು ದೂರಿನಲ್ಲೇ ಬರದಿದ್ದರೆ, ಆಮೇಲೆ ಕ್ಲೇಮ್ ಫಾರ್ಮಿನಲ್ಲಿ ಎಷ್ಟು ಬರೆದರೂ ಅದನ್ನು ನಂಬಿಸುವುದು ಕಷ್ಟ.