ಬೋನು ಕೊಟ್ಟರು, ಬಿಡುವ ಹಾಗಿಲ್ಲ ಎಂದರು

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಚೆಷೈರ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನ ಹುಲ್ಲುಹಾಸಿನಲ್ಲಿ ಹೊಂಡಗಳು ಏಳುತ್ತವೆ. ಎರಡು ಅಂಗುಲ ಅಗಲ, ಅಷ್ಟೇ ಆಳ, ಪಕ್ಕದಲ್ಲಿ ಒಂದು ಹಿಡಿ ಮಣ್ಣು. ಹುಲ್ಲನ್ನು ಚಾಪೆಯಂತೆ ಸುರುಳಿ ಎಬ್ಬಿಸಿದ್ದರೆ ಅದು ಹುಳು ಹುಡುಕುವ, ಬಿಲದಲ್ಲಿ ವಾಸಿಸುವ ಪ್ರಾಣಿ ಬ್ಯಾಜರ್‌ನ ಕೆಲಸ, ಅದಕ್ಕಂತೂ ಇಲ್ಲಿ 1992ರ ಪ್ರತ್ಯೇಕ ಕಾನೂನಿನ ರಕ್ಷಣೆಯೇ ಇದೆ. ನಮ್ಮಲ್ಲಿ ಬರುವುದು ಬೂದು ಅಳಿಲು. ರಾಮ ಬೆನ್ನು ಸವರಿದ ಮೂರು ಗೆರೆಯ ನಮ್ಮೂರ ಅಳಿಲಲ್ಲ ಇದು. ತೂಕದಲ್ಲಿ ಅದರ ನಾಲ್ಕೈದು ಪಟ್ಟು, ಧೈರ್ಯದಲ್ಲಿ ಇನ್ನೂ ಹೆಚ್ಚು.

ಚಳಿಗಾಲವಿಡೀ ಎಚ್ಚರವಾಗಿಯೇ ಇರುವ ಪ್ರಾಣಿಯಾದ್ದರಿಂದ ಅದಕ್ಕೆ ಉಗ್ರಾಣ ಬೇಕು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಕಳ್ಳರ ಕಾಟ. ಆದ್ದರಿಂದ ಓಕ್ ಬೀಜಗಳನ್ನು ಒಂದೊಂದಾಗಿ ಬೇರೆ ಬೇರೆ ಕಡೆ ಹೂಳುತ್ತದೆ. ಇನ್ನೊಂದು ಅಳಿಲು ನೋಡುತ್ತಿದ್ದರೆ ಗುಂಡಿ ತೋಡಿ, ಏನೂ ಹಾಕದೆ ಮುಚ್ಚಿ, ಹೂತಂತೆ ನಟಿಸಿ ಹೋಗುವುದೂ ಉಂಟು. ಹೀಗಾಗಿ ಹುಲ್ಲುಹಾಸಿನ ಹೊಂಡಗಳಲ್ಲಿ ಕೆಲವು ಬರೀ ನಾಟಕ! ಹೂತದ್ದನ್ನು ನೆನಪು ಮತ್ತು ವಾಸನೆಯ ಬಲದಿಂದ ಮರಳಿ ತೆಗೆಯುತ್ತದೆ. ಮರೆತವು ವಸಂತದಲ್ಲಿ ಓಕ್ ಸಸಿಗಳಾಗಿ ಏಳುತ್ತವೆ, ಹುಲ್ಲು ಕತ್ತರಿಸುವ ಯಂತ್ರ ಅವನ್ನು ಮುಗಿಸುತ್ತದೆ.

ಮೆಣಸಿನ ಪುಡಿ ಚೆಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಬ್ಯಾಡಗಿ ಪುಡಿ ಹಾಕಬೇಡಪ್ಪ, ಅದಿರುವುದು ಬಣ್ಣಕ್ಕೆ. ಗುಂಟೂರಿನದನ್ನು ಹಾಕು" ಎಂದರು. ಸಲಹೆ ಸರಿಯಾಗಿಯೇ ಇತ್ತು. ಖಾರ ಸಸ್ತನಿಗಳಿಗೆ ತಟ್ಟುತ್ತದೆ, ಹಕ್ಕಿಗಳಿಗೆ ಅದರ ಅರಿವೇ ಆಗುವುದಿಲ್ಲ. ಆದರೆ ಈ ಊರಿನ ಮಳೆಗೆ ಗುಂಟೂರಾದರೇನು, ಬ್ಯಾಡಗಿಯಾದರೇನು, ಒಂದು ರಾತ್ರಿಯಲ್ಲಿ ಎರಡನ್ನೂ ತೊಳೆದುಬಿಡುತ್ತದೆ.

ಕೊನೆಗೆ ಪಕ್ಕದ ಮನೆಯ ಹಿರಿಯರು ತಮ್ಮ ಬೋನನ್ನು ತಂದುಕೊಟ್ಟರು. ಹಿಡಿದು ದೂರದ ಕಾಡಿನಲ್ಲಿ ಬಿಟ್ಟು ಬರೋಣವೆಂದೆ. ಅವರು ನಕ್ಕು, ಬಿಟ್ಟರೆ ಅಪರಾಧವಾಗುತ್ತದೆ ಎಂದರು. ನಿಜ. ಬ್ರಿಟನ್ನಿನಲ್ಲಿ ಬೂದು ಅಳಿಲು ಹೊರಗಿನಿಂದ ಬಂದ ಆಕ್ರಮಣಕಾರಿ ಜೀವಿ, ಒಮ್ಮೆ ಹಿಡಿದರೆ ಮತ್ತೆ ಬಿಡುವಂತಿಲ್ಲ, ನೋವಾಗದಂತೆ ಕೊಲ್ಲಬೇಕು. ನೀರಿನಲ್ಲಿ ಮುಳುಗಿಸಿ ಕೊಂದರೆ ಅದು ಕ್ರೌರ್ಯದ ಅಪರಾಧ. ಅಂದರೆ ಬೋನಿನ ಬಾಗಿಲು ಬಿದ್ದ ಕ್ಷಣದಿಂದ ಒಂದು ಕೊಲೆ ನಿಮ್ಮ ಹೆಗಲಿಗೆ ಬರುತ್ತದೆ.

ಕಾನೂನಿಗೆ ಕಾರಣವಿಲ್ಲದಿಲ್ಲ. ಇದು ಉತ್ತರ ಅಮೆರಿಕದ ಪ್ರಾಣಿ. 1876ರಲ್ಲಿ ನಮ್ಮದೇ ಚೆಷೈರ್‌ನ ಹೆನ್‌ಬರಿ ಪಾರ್ಕಿನಲ್ಲಿ ಸಿರಿವಂತರೊಬ್ಬರು ಶೋಕಿಗೆ ಒಂದು ಜೋಡಿಯನ್ನು ಬಿಟ್ಟರು. ಆಮೇಲೆ ವೋಬರ್ನ್ ಪಾರ್ಕಿನ ಒಡೆಯರಾದ ಬೆಡ್‌ಫರ್ಡ್ ಡ್ಯೂಕ್ ಊರೂರಿಗೂ ಉಡುಗೊರೆಯಾಗಿ ಹಂಚಿದರು. ಈಗ ಲಕ್ಷಗಟ್ಟಲೆ ಇವೆ, ಇಲ್ಲಿನ ಮೂಲದ ಕೆಂಪು ಅಳಿಲು ಹೆಚ್ಚಾಗಿ ಸ್ಕಾಟ್ಲೆಂಡ್‌ಗೆ ಮತ್ತು ವೈಟ್‌ನಂಥ ಕೆಲವು ದ್ವೀಪಗಳಿಗೆ ಸರಿದಿದೆ. ಬೂದು ಅಳಿಲು ತನಗೆ ಬಾಧಿಸದ ಸಿಡುಬಿನಂಥ ವೈರಸ್ಸನ್ನು ಕೆಂಪು ಅಳಿಲಿಗೆ ದಾಟಿಸುತ್ತದೆ. ಓಕ್ ಬೀಜವನ್ನು ಅರಗಿಸಿಕೊಳ್ಳುವುದರಲ್ಲೂ ಬೂದು ಅಳಿಲಿನದ್ದೇ ಮೇಲುಗೈ. 1950ರ ದಶಕದಲ್ಲಿ ಸರ್ಕಾರ ಒಂದು ಬಾಲಕ್ಕೆ ಒಂದು ಶಿಲ್ಲಿಂಗ್ ಕೊಟ್ಟು ನೋಡಿತು, ಅಳಿಲು ಮಾತ್ರ ಹೋಗಲಿಲ್ಲ. ಕೆಂಪು ಅಳಿಲು ಉಳಿದಿರುವ ಕಡೆ ಬೂದು ಅಳಿಲನ್ನು ಹಿಡಿಯುವುದಕ್ಕೆ ಅರ್ಥವಿದೆ. ನಮ್ಮ ಬೀದಿಯಲ್ಲಿ ಒಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಅಷ್ಟೇ. ಬೋನನ್ನು ತೊಳೆದು ಹಿಂದಿರುಗಿಸಿದೆ.

ಉಳಿದದ್ದು ಕೋಳಿಗೂಡಿನ ತಂತಿ ಬಲೆ. ಹೊಸದಾಗಿ ಬೀಜ ಚೆಲ್ಲಿದ ಹುಲ್ಲಿನ ಮೇಲೆ ಅದನ್ನು ಹಾಸಿ ಅಂಚುಗಳಿಗೆ ಗೂಟ ಹೊಡೆಯಬೇಕು. ಹುಲ್ಲು ಬಲೆಯ ಕಣ್ಣುಗಳ ಮೂಲಕ ಮೇಲೆ ಬರುತ್ತದೆ, ಅಳಿಲಿನ ಕಾಲಿಗೆ ಮಾತ್ರ ಕೆಲಸವಿಲ್ಲ. ವಸಂತದ ಮೊದಲ ಕತ್ತರಿಕೆಗೆ ಮುನ್ನ ತೆಗೆಯಲೇಬೇಕು, ಇಲ್ಲವಾದರೆ ಯಂತ್ರದ ಅಲಗಿಗೇ ಆಪತ್ತು. ಸಡಿಲ ಮಣ್ಣು ಕಂಡಲ್ಲಿ ಅಳಿಲಿಗೆ ಕುತೂಹಲ ಹೆಚ್ಚು. ಹಾಗಾಗಿ ಹೂವಿನ ಗೆಡ್ಡೆ ನೆಟ್ಟ ಜಾಗವನ್ನು ಗಟ್ಟಿಯಾಗಿ ತುಳಿದು, ನೀರು ಹಾಕಿ, ಎಲೆ ಹರಡುತ್ತೇನೆ. ಹಕ್ಕಿಗಳ ಕಾಳು ನೆಲಕ್ಕೆ ಚೆಲ್ಲದಂತೆಯೂ ನೋಡಿಕೊಳ್ಳಬೇಕು.

ಹೂವಿನ ವಿಷಯದಲ್ಲಿ ನನ್ನದು ಡ್ಯಾಫೋಡಿಲ್ ಪಕ್ಷ. ಅದರ ಗೆಡ್ಡೆಯಲ್ಲಿ ವಿಷವಿರುವುದರಿಂದ ಅಳಿಲು ಅದರ ತಂಟೆಗೆ ಹೋಗುವುದಿಲ್ಲ. ಟ್ಯೂಲಿಪ್ ಮತ್ತು ಕ್ರೋಕಸ್ ಅದಕ್ಕೆ ಸಿಹಿತಿಂಡಿ. ನನ್ನ ಹೆಂಡತಿಗೆ ಟ್ಯೂಲಿಪ್ ಇಲ್ಲದೆ ವಸಂತವೇ ಇಲ್ಲ, ಹಾಗಾಗಿ ಅವಳ ಕುಂಡಗಳ ಮೇಲೆಲ್ಲ ಈಗ ತಂತಿಯ ಟೋಪಿಗಳಿವೆ.